ಬಂಡೆ ಮೇಲಿನ ಗೀರುಚಿತ್ರ ಕಣ್ಣಿಗೆ ಬೀಳಬೇಕೆಂದರೆ

ಮಂಗಳೂರಿನಿಂದ ರೈಲು ಹತ್ತಿ ಮಡಗಾಂವ್‌ನಲ್ಲಿ ಇಳಿದು, ಗೋವಾದ ಉಸಗಾಳಿಮಲ್‌ನಲ್ಲಿ ಬಂಡೆ ಮೇಲೆ ಕೊರೆದಿರುವ ಇತಿಹಾಸಪೂರ್ವ ಚಿತ್ರಗಳನ್ನು ನೋಡಲು ಹೋಗುವವರಿಗೆ ಒಂದೇ ಮಾತು: ಮಟಮಟ ಮಧ್ಯಾಹ್ನ ಹೋಗಬೇಡಿ. ಅಲ್ಲಿರುವುದು ನಮ್ಮ ಮನೆ ಕಟ್ಟುವ, ತೂತು ತೂತಾದ ಕೆಂಪು ಮುರಕಲ್ಲೇ, ಕುಶಾವತಿ ನದಿಯ ದಡದಲ್ಲಿ ಹಾಸಿದಂತಿದೆ. ಸೂರ್ಯ ನೆತ್ತಿ ಮೇಲಿದ್ದರೆ ಗೀರು ಯಾವುದು, ಕಲ್ಲಿನ ತೂತು ಯಾವುದು ಗೊತ್ತಾಗುವುದಿಲ್ಲ.

ಬೆಳಿಗ್ಗೆ 7ಕ್ಕೋ ಸಂಜೆ 5ಕ್ಕೋ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಗೀರಿನ ಒಂದು ಅಂಚು ಹೊಳೆದು ಇನ್ನೊಂದು ಕಪ್ಪಾಗುತ್ತದೆ, ನೋಡುತ್ತಿದ್ದಂತೆ ಗೂಳಿಯ ಕೋಡು, ಆಮೇಲೆ ಬೆನ್ನು, ಕಾಲು ಒಂದೊಂದಾಗಿ ಎದ್ದು ಬರುತ್ತವೆ. ಎಷ್ಟು ಚಂದ ಅಂತೀರಿ! ಮೋಡ ಇದ್ದರೆ ಟಾರ್ಚನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಬದಿಯಿಂದ ಹಿಡಿಯಿರಿ. ಮೊಬೈಲ್ ಫ್ಲ್ಯಾಶ್ ಬೇಡ, ನೆರಳೇ ಹೋಗುತ್ತದೆ. ಸುರುಳಿ ಸುರುಳಿಯಾಗಿ ಕೊರೆದ ಚಕ್ರವ್ಯೂಹದ ಚಿತ್ರದ ಹತ್ತಿರ ಜಾಸ್ತಿ ಹೊತ್ತು ಕೂರಿ, ಹೊರಗಿನ ಗೆರೆಯಿಂದ ಕಣ್ಣಲ್ಲೇ ಒಳಗೆ ಹೋಗಿ.

ಫೋಟೋ ಚೆನ್ನಾಗಿ ಬರಲಿ ಅಂತ ಚಾಕ್‌ಪೀಸ್ ತುಂಬುವುದು ದಯವಿಟ್ಟು ಬೇಡ. ಚಪ್ಪಲಿ ಬಿಚ್ಚಿಡಿ, ಗೀರು ತುಳಿಯಬೇಡಿ. ಇತಿಹಾಸಪೂರ್ವ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೋ ಗುಹೆ 1940ರಲ್ಲಿ ಸಿಕ್ಕಿತು, ನೋಡಲು ಬಂದವರ ಉಸಿರಿಗೇ ಚಿತ್ರ ಹಾಳಾಗತೊಡಗಿ 1963ರಲ್ಲಿ ಮುಚ್ಚಬೇಕಾಯಿತು.

ಮಳೆಗಾಲ ಮುಗಿದ ಮೇಲೆಯೇ ಹೊರಡಿ.