ಹೆಚ್ಚುವರಿ ಬ್ಯಾರೆಲ್ಲೋ, ಹೊಸ ರೈಫಲ್ಲೋ: ಲೈಸೆನ್ಸ್‌ದಾರರು ಹಣ ಕೊಡುವ ಮೊದಲು ನೋಡಬೇಕಾದದ್ದು

ಕಲಬುರಗಿ, ಬೀದರ್, ಯಾದಗಿರಿ ಭಾಗದ ಹಳೆಯ ಮನೆತನಗಳಲ್ಲಿ ಅಜ್ಜನ ಕಾಲದ ಡಬಲ್ ಬ್ಯಾರೆಲ್ 12 ಬೋರ್ ಬಂದೂಕು, ಅದರ ಜೊತೆಗೆ ಅಪ್ಪ ಕೊಂಡ .315 ರೈಫಲ್ ಇರುವುದು ಅಪರೂಪವೇನಲ್ಲ. ಇಂಥ ಮನೆಯವರಿಗೆ ರೈಫಲಿನ ಗುರಿ ಮೊದಲಿನಂತಿಲ್ಲ ಎನ್ನಿಸಿದಾಗ, ಅಥವಾ ಬೇರೆ ಬೋರಿನ, ಅಂದರೆ ನಳಿಗೆಯ ಬೇರೆ ಒಳ ಅಳತೆಯ, ಅಗತ್ಯ ಕಂಡಾಗ, ಇರುವ ರೈಫಲಿಗೆ ಇನ್ನೊಂದು ಬ್ಯಾರೆಲ್ ಹಾಕಿಸುವುದೇ ಅಥವಾ ಪೂರ್ತಿ ಹೊಸ ರೈಫಲನ್ನೇ ಕೊಳ್ಳುವುದೇ ಎಂಬ ಪ್ರಶ್ನೆ ಬರುತ್ತದೆ. ಹೆಚ್ಚಿನವರು ಇದನ್ನು ಬೆಲೆಯ ಪ್ರಶ್ನೆ ಎಂದುಕೊಂಡು ನೇರವಾಗಿ ಗನ್ ಹೌಸಿಗೆ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೆಲೆಯನ್ನು ಕಟ್ಟಕಡೆಗೆ ನೋಡಬೇಕು. ಲೈಸೆನ್ಸಿನಲ್ಲಿ ಜಾಗವಿದೆಯೇ, ಕೆಟ್ಟಿರುವುದು ನಿಜವಾಗಿಯೂ ಬ್ಯಾರೆಲ್ಲೇ, ನಿಮ್ಮ ರೈಫಲ್ ಬ್ಯಾರೆಲ್ ಬದಲಾವಣೆಗೆ ಒಪ್ಪುವಂಥದ್ದೇ ಎಂಬ ಮೂರು ಸಂಗತಿಗಳು ಮೊದಲು ಇತ್ಯರ್ಥವಾಗಬೇಕು.

ಲೈಸೆನ್ಸಿನಿಂದಲೇ ಆರಂಭಿಸೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಶಸ್ತ್ರಗಳಿಗೆ ಕೊಡುವ ವ್ಯಾಖ್ಯೆಯಲ್ಲಿ ಅವುಗಳ ಬಿಡಿಭಾಗಗಳೂ ಸೇರಿವೆ. ಆದ್ದರಿಂದ ಬ್ಯಾರೆಲ್ ಎಂಬುದು ಸ್ಕೋಪ್ ಅಥವಾ ಹೆಗಲಪಟ್ಟಿಯಂತೆ ಅಂಗಡಿಯಲ್ಲಿ ಕೊಂಡು ಚೀಲಕ್ಕೆ ಹಾಕಿಕೊಂಡು ಬರುವ ವಸ್ತುವಲ್ಲ. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದ ಬಂದೂಕು ಕೂಡ ಈ ಎರಡರ ಲೆಕ್ಕದಲ್ಲೇ ಬರುತ್ತದೆ. ಅಂದರೆ, 12 ಬೋರ್ ಮತ್ತು .315 ಎರಡೂ ನಿಮ್ಮ ಹೆಸರಿನಲ್ಲೇ ಇದ್ದರೆ ಹೊಸ ರೈಫಲಿಗೆ ಜಾಗವೇ ಇಲ್ಲ. ಎರಡರಲ್ಲೊಂದನ್ನು ಕಾನೂನಿನ ಪ್ರಕಾರ ಮಾರಬೇಕು, ವರ್ಗಾಯಿಸಬೇಕು ಇಲ್ಲವೇ ಒಪ್ಪಿಸಬೇಕು. ಹೆಚ್ಚುವರಿ ಬ್ಯಾರೆಲಿನ ಮಾತು ನಮ್ಮಲ್ಲಿ ಇಷ್ಟೊಂದು ಕೇಳಿಬರುವುದಕ್ಕೆ ಈ ಮಿತಿಯೇ ಮುಖ್ಯ ಕಾರಣವೆಂದು ತೋರುತ್ತದೆ. ಆದರೆ ಬ್ಯಾರೆಲ್ಲಿಗೆ ಯಾವ ಲೆಕ್ಕವೂ ಇಲ್ಲವೆಂದು ಅಂಗಡಿಯವರು ಹೇಳಿದರೆ ಆ ಮಾತಿನ ಮೇಲೆ ಮುಂಗಡ ಕೊಡಬೇಡಿ. ಬ್ಯಾರೆಲಿನ ಬೋರ್, ತಯಾರಕರ ಹೆಸರು, ಯಾವ ರೈಫಲಿಗೆ ಎಂಬ ವಿವರಗಳನ್ನು ಬರೆದು, ಲೈಸೆನ್ಸ್ ನೀಡಿದ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ಲಿಖಿತ ಉತ್ತರ ಬಂದ ಮೇಲೆಯೇ ಮುಂದುವರಿಯಿರಿ.

ಬೋರ್ ಬದಲಾಗುವುದಿದ್ದರೆ ಇನ್ನಷ್ಟು ಎಚ್ಚರ ಬೇಕು. ಸೇನೆಯ ಕಾಡತೂಸಾದ .303 ನಾಗರಿಕರಿಗೆ ನಿಷೇಧಿತ ಬೋರ್. ಬ್ರಿಟಿಷರ ಕಾಲದಿಂದಲೂ ಈ ಅಡ್ಡಿ ಇದ್ದುದರಿಂದಲೇ ನಮ್ಮಲ್ಲಿ .315 ಇಷ್ಟು ಬಳಕೆಗೆ ಬಂದಿತು, ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯ .315 ರೈಫಲಿನ ಮೈಕಟ್ಟು ಬ್ರಿಟಿಷ್ ಸೇನೆಯ ಹಳೆಯ ರೈಫಲಾದ ಲೀ ಎನ್‌ಫೀಲ್ಡಿನದೇ ಆಗಿರುವುದನ್ನು ಕೈಯಲ್ಲಿ ಹಿಡಿದವರು ಕೂಡಲೇ ಗುರುತಿಸುತ್ತಾರೆ. ಲೈಸೆನ್ಸಿನಲ್ಲಿ ಬರೆದಿರುವ ಬೋರಿಗೂ ಬ್ಯಾರೆಲ್ ಮೇಲೆ ಕೊರೆದಿರುವ ಬೋರಿಗೂ ತಾಳೆಯಾಗದಿದ್ದರೆ ಉತ್ತರ ಕೊಡಬೇಕಾದವರು ನೀವೇ.

ಎರಡನೆಯದು, ಬ್ಯಾರೆಲ್ ನಿಜವಾಗಿಯೂ ಸವೆದಿದೆಯೇ ಎಂಬುದು. ಇಲ್ಲಿ ಆತುರ ಮಾಡಬಾರದು, ಏಕೆಂದರೆ ಗುರಿ ಚದುರುವ ರೈಫಲುಗಳಲ್ಲಿ ಬಹುಪಾಲಿಗೆ ಬೇಕಾಗಿರುವುದು ಸ್ವಚ್ಛತೆಯೇ ಹೊರತು ಹೊಸ ಬ್ಯಾರೆಲ್ ಅಲ್ಲ. ಮೊದಲು ಸ್ಕೋಪಿನ ಅಥವಾ ಕಬ್ಬಿಣದ ಗುರಿಯ ತಿರುಪುಗಳನ್ನೂ ರೈಫಲನ್ನು ಕಟ್ಟಿಗೆಗೆ ಹಿಡಿದಿರುವ ತಿರುಪುಗಳನ್ನೂ ಬಿಗಿಯಾಗಿವೆಯೇ ಎಂದು ನೋಡಿ. ಮಳೆಗಾಲದಲ್ಲಿ ನೀರು ಹೀರಿ ಉಬ್ಬಿದ ಕಟ್ಟಿಗೆ, ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಒಣಗಿ ಕುಗ್ಗಿದಾಗ ತಿರುಪು ತಾನಾಗಿಯೇ ಸಡಿಲವಾಗುತ್ತದೆ. ಬ್ಯಾರೆಲ್ ಮತ್ತು ಕಟ್ಟಿಗೆಯ ನಡುವೆ ಕಾಗದದ ಚೂರನ್ನು ಸರಿಸಿ ನೋಡುವ ಪರೀಕ್ಷೆಯನ್ನು ಅನೇಕರು ಹೇಳಿಕೊಡುತ್ತಾರೆ. ಬ್ಯಾರೆಲ್ ಎಲ್ಲಿಯೂ ತಾಗದಂತೆ ಕೂರಿಸಿದ ಇಂದಿನ ರೈಫಲುಗಳಿಗೆ ಅದು ಸರಿ, ಆದರೆ ಲೀ ಎನ್‌ಫೀಲ್ಡ್ ಮಾದರಿಯಲ್ಲಿ ಕಟ್ಟಿಗೆಯು ಬ್ಯಾರೆಲ್ಲಿಗೆ ಒತ್ತಿಕೊಂಡಿರುವುದೇ ವಿನ್ಯಾಸವಾದ್ದರಿಂದ ಅಲ್ಲಿ ಕಾಗದ ಸಿಕ್ಕಿಕೊಂಡರೆ ದೋಷವೆಂದು ತಿಳಿಯಬಾರದು.

ಆಮೇಲೆ ಬೋಲ್ಟ್ (ಕಾಡತೂಸನ್ನು ಒಳಗೆ ತಳ್ಳಿ ಹಿಂಬದಿಯನ್ನು ಮುಚ್ಚುವ ಭಾಗ) ತೆಗೆದು, ಚೇಂಬರ್ (ಬ್ಯಾರೆಲಿನಲ್ಲಿ ಕಾಡತೂಸು ಕೂರುವ ಜಾಗ) ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಮೂತಿಯ ಅಂಚನ್ನು ಬೆಳಕಿನಲ್ಲಿ ನೋಡಿ. ಗುಂಡು ಕೊನೆಯದಾಗಿ ಬಿಟ್ಟುಹೋಗುವ ಆ ಅಂಚಿನಲ್ಲಿ ಒಂದು ಬದಿ ಜಜ್ಜಿದ್ದರೂ ಗುಂಡು ವಾಲುತ್ತದೆ. ಸದಾ ಮೂತಿಯ ಕಡೆಯಿಂದಲೇ ಕಡ್ಡಿ ತೂರಿಸಿ ಒರೆಸಿದ ಹಳೆಯ ರೈಫಲುಗಳಲ್ಲಿ ಈ ಅಂಚು ಮೊಟ್ಟೆಯಾಕಾರವಾಗಿ ಸವೆದಿರುವುದನ್ನು ಕಾಣಬಹುದು, ಮತ್ತು ಲೈಸೆನ್ಸ್ ಇರುವ ಗನ್‌ಸ್ಮಿತ್ ಅದನ್ನು ಸರಿಪಡಿಸಬಲ್ಲ. ಒಳಗೆ ತಾಮ್ರದ ಪದರ ಕಟ್ಟಿದ್ದರೆ ಅದನ್ನು ಕರಗಿಸುವ ದ್ರಾವಣದಲ್ಲಿ ನೆನೆಸಿದ ಬಟ್ಟೆ ನೀಲಿಯಾಗಿ ಹೊರಬರುತ್ತದೆ. ನೀಲಿ ಹೋಗುವವರೆಗೆ ಒರೆಸಿ. .22 ರೈಫಲಿನಲ್ಲಿ ಚೇಂಬರಿನ ಮುಂದೆಯೇ ಮಸಿಯ ಗಟ್ಟಿ ಬಳೆಯೊಂದು ಕೂರುತ್ತದೆ, ಅದನ್ನು ತೆಗೆದರೆ ಎಷ್ಟೋ ಸಲ ಗುರಿ ಮರಳಿ ಬರುತ್ತದೆ. ಇಷ್ಟಾದ ಮೇಲೆ ಆಸರೆಯ ಮೇಲೆ ಇಟ್ಟು, ಬೇರೆ ಬೇರೆ ತಯಾರಿಕೆಯ ಕಾಡತೂಸುಗಳಿಂದ, ಬ್ಯಾರೆಲ್ ತಣಿಯಲು ಬಿಟ್ಟು, ಐದೈದು ಗುಂಡು ಹೊಡೆದು ನೋಡಿ. ಎಲ್ಲ ಕಾಡತೂಸುಗಳೂ ಚದುರಿದರೆ ಮಾತ್ರ ಬ್ಯಾರೆಲನ್ನು ದೂರಬಹುದು. ಮೆತ್ತನೆಯ ಸೀಸದ ಗುಂಡು, ಕಡಿಮೆ ಒತ್ತಡ ಇವುಗಳಿಂದಾಗಿ .22 ಬ್ಯಾರೆಲ್ ಸಾಮಾನ್ಯವಾಗಿ ಸವೆಯುವುದೇ ಇಲ್ಲವೆನ್ನಬಹುದು. ಶಕ್ತಿಯುತ ಕಾಡತೂಸಿನ ರೈಫಲುಗಳಲ್ಲಿ ಮಾತ್ರ ಬಿಸಿ ಅನಿಲವು ಗುಂಡು ರೈಫ್ಲಿಂಗಿಗೆ (ಬ್ಯಾರೆಲಿನ ಒಳಗಿನ ಸುರುಳಿ ಗೀರುಗಳಿಗೆ) ಹೊಗುವ ಜಾಗವನ್ನು ಕೆಲವು ಸಾವಿರ ಗುಂಡುಗಳಲ್ಲಿ ತಿಂದುಹಾಕುತ್ತದೆ.

ಮೂರನೆಯ ಸಂಗತಿ ರೈಫಲಿನ ರಚನೆ. ಜರ್ಮನಿಯ ಬ್ಲೇಸರ್ ಆರ್8 ನಂಥ ರೈಫಲುಗಳು ಬ್ಯಾರೆಲ್ ಬದಲಿಸುವುದಕ್ಕೆಂದೇ ತಯಾರಾದವು. ಅವುಗಳಲ್ಲಿ ಸ್ಕೋಪ್ ಬ್ಯಾರೆಲಿನ ಮೇಲೆಯೇ ಕೂರುವುದರಿಂದ, ಬಿಚ್ಚಿ ಮತ್ತೆ ಕೂರಿಸಿದರೂ ಗುರಿ ಹೆಚ್ಚು ಕಡಿಮೆ ಮೊದಲಿನ ಜಾಗಕ್ಕೇ ಬರುತ್ತದೆ, ಮತ್ತು ಅದೇ ಟ್ರಿಗರ್, ಅದೇ ಕಟ್ಟಿಗೆ ಇರುವುದರಿಂದ ಕೈಯ ರೂಢಿ ಕೆಡುವುದಿಲ್ಲ. ಇಂಥ ರೈಫಲ್ ಇರುವವರಿಗೆ ಎರಡನೆಯ ಬ್ಯಾರೆಲ್ ಒಳ್ಳೆಯ ಆಯ್ಕೆಯೇ. ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವ .315 ಅಥವಾ .30-06 ಇಶಾಪುರ ರೈಫಲಿನ ಬ್ಯಾರೆಲ್ ಹಾಗಲ್ಲ. ಅದು ಅತಿ ಬಿಗಿಯಾಗಿ ತಿರುಚಿ ಕೂರಿಸಿದ್ದು. ಅದನ್ನು ಕಳಚಿ ಇನ್ನೊಂದನ್ನು ಹಾಕಿದ ಮೇಲೆ ಬೋಲ್ಟಿನ ಮುಖಕ್ಕೂ ಕಾಡತೂಸಿನ ಹಿಂಬದಿಗೂ ನಡುವಿನ ಅಂತರವನ್ನು ಗೇಜುಗಳಿಂದ ಅಳೆಯಲೇಬೇಕು. ಆ ಅಂತರ ಹೆಚ್ಚಾದರೆ ಕಾಡತೂಸಿನ ಪಿತ್ತಳೆಯ ಗೂಡು ಒಡೆದು ಅನಿಲವು ಹೊಡೆಯುವವನ ಮುಖದತ್ತ ನುಗ್ಗಬಹುದು. ಆದ್ದರಿಂದ ಇಂಥ ರೈಫಲಿನಲ್ಲಿ ಸವೆದ ಬ್ಯಾರೆಲನ್ನು ಕಾರ್ಖಾನೆಯ ಅಥವಾ ಅಧಿಕೃತ ಗನ್‌ಸ್ಮಿತ್ತನ ಮೂಲಕ ಶಾಶ್ವತವಾಗಿ ಬದಲಿಸಬಹುದೇ ಹೊರತು, ಇಂದು ಒಂದು, ನಾಳೆ ಇನ್ನೊಂದು ಎಂದು ಹಾಕಿ ತೆಗೆಯುವ ಹೆಚ್ಚುವರಿ ಬ್ಯಾರೆಲ್ ಎಂಬ ವಿಚಾರವನ್ನೇ ಬಿಡಬೇಕು. ಊರಿನ ಲೇಥ್ ಅಂಗಡಿಯ ಮಿಸ್ತ್ರಿ ಎಷ್ಟೇ ನಿಪುಣನಾಗಿರಲಿ, ಬಂದೂಕು ದುರಸ್ತಿಯ ಲೈಸೆನ್ಸ್ ಇಲ್ಲದವರ ಕೈಗೆ ರೈಫಲ್ ಕೊಡುವುದು ಅಪರಾಧ.

ಮನೆಯ ಮಕ್ಕಳು ಕ್ರೀಡೆಗಾಗಿ ಕೇಳುತ್ತಿದ್ದರೆ ಉತ್ತರ ಬೇರೆ. 10 ಮೀಟರ್ ಸ್ಪರ್ಧೆಗೆ 4.5 ಮಿಲಿಮೀಟರ್ ಏರ್ ರೈಫಲ್ ಸಾಕು, ಮತ್ತು ಆ ಬೋರನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ರೈಫಲಿಗೆ ಶಸ್ತ್ರ ಲೈಸೆನ್ಸ್ ಬೇಕಿಲ್ಲವಾದ್ದರಿಂದ ಎರಡರ ಮಿತಿಯೂ ಅಡ್ಡಬರುವುದಿಲ್ಲ. ಅಲ್ಲಿ ಹಳೆಯದನ್ನು ಕೊಳ್ಳುವವರು ಬ್ಯಾರೆಲಿಗಿಂತ ಮೊದಲು ಗಾಳಿಯ ಸಿಲಿಂಡರಿನ ತಾರೀಕು ನೋಡಬೇಕು. ಅದರ ಆಯುಷ್ಯವನ್ನು ಸಾಮಾನ್ಯವಾಗಿ 10 ವರ್ಷವೆಂದು ನಿಗದಿ ಮಾಡಿರುತ್ತಾರೆ.

ಈಗ ಬೆಲೆಗೆ ಬರಬಹುದು. ಬ್ಯಾರೆಲಿನ ದರವನ್ನಷ್ಟೇ ನೋಡದೆ, ಅದಕ್ಕೆ ಹೊಂದುವ ಬೋಲ್ಟ್ ತಲೆ, ಮ್ಯಾಗಜೀನ್, ಸ್ಕೋಪಿನ ಕಟ್ಟು, ಬಹುಶಃ ಇನ್ನೊಂದು ಸ್ಕೋಪ್, ಗುರಿ ಹೊಂದಿಸಲು ಸುಡಬೇಕಾದ ಕಾಡತೂಸುಗಳು, ಇವೆಲ್ಲವನ್ನೂ ಕೂಡಿಸಿ. ಮೊತ್ತವು ಹೊಸ ರೈಫಲಿನ ಬೆಲೆಯ ಮೂರರಲ್ಲಿ ಎರಡು ಪಾಲು ದಾಟಿದರೆ ಮತ್ತು ಲೈಸೆನ್ಸಿನಲ್ಲಿ ಜಾಗವಿದ್ದರೆ ನಾನು ಹೊಸ ರೈಫಲನ್ನೇ ಆರಿಸುತ್ತೇನೆ, ಏಕೆಂದರೆ ಒಂದು ದುರಸ್ತಿಗೆ ಹೋದಾಗ ಇನ್ನೊಂದು ಕೈಯಲ್ಲಿರುತ್ತದೆ. ತೊಗರಿ ಹೊಲಕ್ಕೆ ಕಾಡುಹಂದಿ ನುಗ್ಗುತ್ತದೆ ಎಂಬ ಕಾರಣಕ್ಕೆ ಹೆಚ್ಚು ಶಕ್ತಿಯ ಬೋರ್ ಹುಡುಕುವವರು ಮಾತ್ರ ಎರಡನ್ನೂ ಬಿಡುವುದು ಒಳ್ಳೆಯದು: ಶಸ್ತ್ರ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿಗೆ ಗುಂಡು ಹಾರಿಸುವ ಹಕ್ಕು ಬರುವುದಿಲ್ಲ, ಮತ್ತು ನಮ್ಮ ಬಯಲಿನಲ್ಲಿ ಗುರಿ ತಪ್ಪಿದ ರೈಫಲ್ ಗುಂಡನ್ನು ತಡೆಯಲು ಗುಡ್ಡವೂ ಇರುವುದಿಲ್ಲ.

ನಮ್ಮ ಭಾಗದವರಿಗೆ ವಿಶೇಷವಾಗಿ ಅನ್ವಯಿಸುವ ಎರಡು ಮಾತುಗಳಿವೆ. ಚಿಂಚೋಳಿ ವನ್ಯಜೀವಿಧಾಮದಿಂದ 10 ಕಿಲೋಮೀಟರ್ ಒಳಗಿನ ಊರುಗಳ ಲೈಸೆನ್ಸ್‌ದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ಹೊಸ ಶಸ್ತ್ರ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಇನ್ನು ಹೊಸ ಬ್ಯಾರೆಲನ್ನೋ ರೈಫಲನ್ನೋ ಪರೀಕ್ಷಿಸಲು ಹೈದರಾಬಾದಿನ ರೇಂಜಿಗೆ ಹೋಗುವವರು, ರಾಜ್ಯದ ಗಡಿ ದಾಟುವ ಮೊದಲು ಲೈಸೆನ್ಸಿನ ಪ್ರದೇಶ ವ್ಯಾಪ್ತಿಯಲ್ಲಿ ತೆಲಂಗಾಣವೂ ಸೇರಿದೆಯೇ ಎಂದು ನೋಡಿಕೊಳ್ಳಬೇಕು. ಸೇರಿಲ್ಲದಿದ್ದರೆ ವ್ಯಾಪ್ತಿ ವಿಸ್ತರಣೆಯ ಅರ್ಜಿಯನ್ನೂ ಬ್ಯಾರೆಲಿನ ಅರ್ಜಿಯ ಜೊತೆಗೇ ಸಲ್ಲಿಸಿದರೆ ಕಚೇರಿಗೆ ಎರಡು ಸಲ ಅಲೆಯುವುದು ತಪ್ಪುತ್ತದೆ.