ಅರೇ ಎರರ್: ನಾನು ಹುಡುಕಿ ಹಿಡಿದ ಬಗೆ

ಸಿ ಭಾಷೆಯಲ್ಲಿ ಅರೇ (ಒಂದೇ ಹೆಸರಿನಡಿ ಸಾಲಾಗಿ ಬೆಲೆಗಳನ್ನಿಡುವ ಮನೆಗಳು) ಕಲಿಯುವಾಗ ಪ್ರೋಗ್ರಾಂ ಕ್ರ್ಯಾಶ್ ಆದರೆ ಪುಣ್ಯ ಅಂದುಕೊಳ್ಳಿ. ಏನೂ ಆಗಿಲ್ಲವೆಂಬಂತೆ ಓಡಿ ತಪ್ಪು ಉತ್ತರ ಕೊಡುತ್ತದಲ್ಲ, ಅದೇ ನಿಜವಾದ ಪೀಡೆ. ನನಗೆ ಅರೇ ಎರರ್ ಹುಡುಕೋದು ಕಲಿಸಿದ್ದು ಅಂಥದ್ದೇ ಒಂದು ಪುಟ್ಟ ಪ್ರೋಗ್ರಾಂ.

ಐದು ವಿಷಯಗಳ ಅಂಕ ತೆಗೆದುಕೊಂಡು ಸರಾಸರಿ ಹೇಳುವುದು ಅದರ ಕೆಲಸ. ಐದು ಇಂಟಿಜರ್ (ಪೂರ್ಣಾಂಕ) ಹಿಡಿಸುವ 'ಮಾರ್ಕ್ಸ್' ಎಂಬ ಅರೇ, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಒಂದು ಫಾರ್ ಲೂಪ್, ಒಳಗೆ ನಾವು ಒತ್ತಿದ ಅಂಕ ಓದುವ ಸ್ಕ್ಯಾನ್‌ಎಫ್. ಸುತ್ತು ಎಣಿಸುವ ವೇರಿಯಬಲ್ ಐ 0ಯಿಂದ ಶುರು, ಷರತ್ತು 'ಐ <= 5'. ಕಂಪೈಲರ್ ತುಟಿ ಪಿಟಿಕ್ ಅನ್ನಲಿಲ್ಲ. ಓಡಿಸಿದರೆ ಐದರ ಬದಲು ಆರು ಅಂಕ ಕೇಳಿತು. ಆರನೆಯದಕ್ಕೆ ಸುಮ್ನೆ 2 ಒತ್ತಿದೆ. ಅಲ್ಲಿಗೆ ಮುಗಿಯುವ ಬದಲು ಮತ್ತೆ ನಾಲ್ಕನೇ ವಿಷಯದ ಅಂಕ ಕೇಳತೊಡಗಿತು! ಅದೇ ಜಾಗದಲ್ಲಿ 90 ಕೊಟ್ಟರೆ ತೆಪ್ಪಗೆ ಹೊರಗೆ ಬಂತು. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಏನೇ ಕೊಟ್ಟರೂ ಆರಕ್ಕೇ ನಿಲ್ಲುತ್ತಿತ್ತು.

ಕೋಡನ್ನೇ ದಿಟ್ಟಿಸುತ್ತ ಕೂತರೆ ಪ್ರಯೋಜನವಿಲ್ಲ ಅನ್ನಿಸಿ, ಸ್ಕ್ಯಾನ್‌ಎಫ್‌ಗೆ ಮುಂಚೆ ಒಂದು, ಆಮೇಲೆ ಒಂದು ಪ್ರಿಂಟ್‌ಎಫ್ (ಪರದೆಯ ಮೇಲೆ ತೋರಿಸುವ ಸಾಲು) ಹಾಕಿ ಐ ಎಷ್ಟಿದೆ ಎಂದು ನೋಡಿದೆ. 0, 0. 1, 1. ಹೀಗೇ ಬಂದು ಕೊನೆಯ ಸುತ್ತಿನಲ್ಲಿ 5, 2. ಅಂಕ ಓದುವ ಸಾಲೇ ಐಯನ್ನು ಬದಲಿಸುತ್ತಿದೆ! 5 ಇದ್ದದ್ದು 2 ಆಯಿತು, ಒಂದು ಕೂಡಿ 3 ಆಯಿತು. ಇಂಡೆಕ್ಸ್, ಅಂದರೆ ಅರೇಯ ಮನೆಯ ನಂಬರ್, 0ಯಿಂದ ಶುರುವಾಗುವುದರಿಂದ ಇಂಡೆಕ್ಸ್ 3 ಅಂದರೆ ನಾಲ್ಕನೇ ವಿಷಯ. ಮಾರ್ಕ್ಸ್‌ನ 5ನೇ ಇಂಡೆಕ್ಸಿನ ವಿಳಾಸ, ಐಯ ವಿಳಾಸ ಎರಡನ್ನೂ ಪ್ರಿಂಟ್ ಮಾಡಿಸಿದೆ. ಎರಡೂ ಒಂದೇ.

ಐದು ಮನೆಯ ಅರೇಯಲ್ಲಿ ಇಂಡೆಕ್ಸ್ 0ಯಿಂದ 4ರವರೆಗೆ ಮಾತ್ರ. 5ಕ್ಕೆ ಕೈ ಹಾಕಿದರೆ ಸಿ ತಡೆಯುವುದಿಲ್ಲ. ಇಂಡೆಕ್ಸ್ ಅಂದರೆ ಅರೇಯ ಶುರುವಿನಿಂದ ಎಷ್ಟು ದೂರ ಅಂತ ಅಷ್ಟೆ, ಸ್ಕೇಲಿನ ಮೇಲಿನ ಗೀಟುಗಳ ಹಾಗೆ. ಆ ದೂರದಲ್ಲಿ ಯಾರ ಜಾಗವಿದೆಯೋ ಅಲ್ಲಿ ಬರೆದುಬಿಡುತ್ತದೆ. ನನ್ನ ಕಂಪ್ಯೂಟರಿನಲ್ಲಿ ಅಲ್ಲಿ ಐ ಇತ್ತು, ಗೆಳೆಯನದರಲ್ಲಿ ಐ ಬೇರೆ ಕಡೆ ಇತ್ತು. ವೇರಿಯಬಲ್‌ಗಳನ್ನು ಎಲ್ಲೆಲ್ಲಿ ಇಡಬೇಕೆನ್ನುವುದು ಕಂಪೈಲರಿನ ಇಷ್ಟ. ಹಾಗಾಗಿ 'ನನ್ನ ಹತ್ರ ಸರಿಯಾಗಿ ಓಡ್ತಿದೆ' ಅನ್ನುವ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ.

ಆಮೇಲೆ 'ಐ < 5' ಎಂದು ಬರೆಯುವುದು ರೂಢಿಯಾಯಿತು. 0ಯಿಂದ ಶುರು, ಎನ್‌ಗಿಂತ (ಮನೆಗಳ ಸಂಖ್ಯೆಗಿಂತ) ಕಡಿಮೆ. 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ ಇದಕ್ಕಾಗಿಯೇ ಒಂದು ಪುಟ್ಟ ಟಿಪ್ಪಣಿ ಬರೆದಿದ್ದರು: ಹೀಗೆ ಬರೆದರೆ ಕೊನೆಯಿಂದ ಮೊದಲನ್ನು ಕಳೆದಾಗ ಎಷ್ಟು ಮನೆಗಳಿವೆಯೋ ಅಷ್ಟೇ ಬರುತ್ತದೆ. ಒಂದು ಕೂಡು, ಒಂದು ಕಳೆ ಎಂಬ ತಲೆನೋವಿಲ್ಲ.

ಪ್ರಿಂಟ್‌ಎಫ್‌ಗಿಂತ ದೊಡ್ಡ ಉಪಕಾರ ಮಾಡಿದ್ದು ಅಡ್ರೆಸ್ ಸ್ಯಾನಿಟೈಸರ್, ಮೆಮೊರಿಯಲ್ಲಿ ತಪ್ಪು ಜಾಗ ಮುಟ್ಟಿದರೆ ಹಿಡಿಯುವ ಸಲಕರಣೆ. ಜಿಸಿಸಿ ಎಂಬ ಸಿ ಕಂಪೈಲರಿನಲ್ಲಿ ಕಂಪೈಲ್ ಮಾಡುವಾಗ ಅದರ ಫ್ಲ್ಯಾಗ್ (ಆದೇಶದ ಜೊತೆ ಬರೆಯುವ ಆಯ್ಕೆ) ಸೇರಿಸಿ, ಜೊತೆಗೆ ಸಾಲಿನ ನಂಬರ್ ತೋರಿಸಲು ಹೈಫನ್ ಜಿ ಹಾಕಿದರೆ ಸಾಕು. ಅದೇ ಪ್ರೋಗ್ರಾಂ ಆರನೇ ಅಂಕಕ್ಕೇ ಬಿದ್ದಿತು. 'ಸ್ಟ್ಯಾಕ್ ಬಫರ್ ಓವರ್‌ಫ್ಲೋ' ಎಂದು ಹೇಳಿ, 4 ಬೈಟ್ ಬರೆಯಲು ಹೋದದ್ದು, ಯಾವ ಸಾಲು, ಯಾವ ಅರೇ ಎಲ್ಲವನ್ನೂ ತೋರಿಸಿತು. ಸಂದೇಶ ಉದ್ದ ಇರುತ್ತದೆ, ಮೊದಲ ಸಲ ನೋಡಿದರೆ ಗಾಬರಿ. ಮೇಲಿಂದ ಓದುತ್ತ ನಿಮ್ಮ ಫೈಲಿನ ಹೆಸರು ಮೊದಲು ಎಲ್ಲಿ ಬರುತ್ತದೋ ಅಲ್ಲಿ ನಿಲ್ಲಿ. ಉಳಿದದ್ದು ಸದ್ಯಕ್ಕೆ ಬೇಡ.

ಜಾವಾದಲ್ಲಿ ಇಷ್ಟು ಕಷ್ಟವಿಲ್ಲ. 'ಇಂಡೆಕ್ಸ್ 5 ಔಟ್ ಆಫ್ ಬೌಂಡ್ಸ್ ಫಾರ್ ಲೆಂತ್ 5' ಎಂದು ಅದೇ ಬಾಯಿಬಿಟ್ಟು ಹೇಳುತ್ತದೆ. ಎರಡೂ ಅಂಕಿ ಒಂದೇ ಇದ್ದರೆ ಲೂಪ್ ಒಂದು ಹೆಜ್ಜೆ ಮುಂದೆ ಹೋಗಿದೆ ಅಂತಲೇ ಅರ್ಥ. ಪೈಥಾನ್ ಮಾತ್ರ ಸ್ವಲ್ಪ ತುಂಟ. ಇಂಡೆಕ್ಸ್ -1 ಕೊಟ್ಟರೆ ಎರರ್ ಬರುವುದಿಲ್ಲ, ಕೊನೆಯ ಬೆಲೆ ಸಿಗುತ್ತದೆ. ಲಿಸ್ಟಿನಲ್ಲಿ ಹಿಂದಿನದರ ಜೊತೆ ಹೋಲಿಸುವ ಲೂಪನ್ನು 0ಯಿಂದ ಶುರು ಮಾಡಿದರೆ ಮೊದಲನೆಯದು ಕೊನೆಯದರ ಜೊತೆ ಹೋಲಿಕೆಯಾಗುತ್ತದೆ, ಗೊತ್ತೇ ಆಗುವುದಿಲ್ಲ.

ಸಿಯಲ್ಲಿ ಇನ್ನೊಂದು ಕಾಡಿದ್ದು ಎಷ್ಟು ಬೈಟ್ ಜಾಗ ಎಂದು ಹೇಳುವ ಸೈಜ್‌ಆಫ್. ಮೇನ್ ಒಳಗೆ ಐದು ಇಂಟಿಜರಿನ ಅರೇಗೆ ಅದು 20 ಅನ್ನುತ್ತದೆ, ಒಂದು ಇಂಟಿಜರಿನ 4 ಬೈಟಿನಿಂದ ಭಾಗಿಸಿದರೆ 5. ಅದೇ ಅರೇಯನ್ನು ಫಂಕ್ಷನ್ನಿಗೆ ಕಳಿಸಿ ಅಲ್ಲಿ ಕೇಳಿದರೆ 64 ಬಿಟ್ ಕಂಪ್ಯೂಟರಿನಲ್ಲಿ 8. ಅಲ್ಲಿಗೆ ಹೋಗುವುದು ಅರೇ ಅಲ್ಲ, ಅದರ ವಿಳಾಸ ಹಿಡಿದ ಪಾಯಿಂಟರ್. 8ನ್ನು 4ರಿಂದ ಭಾಗಿಸಿ 2 ಬರುತ್ತದೆ, ಮೊದಲ ಎರಡು ಅಂಕ ಮಾತ್ರ ಕೂಡುತ್ತದೆ. ಉದ್ದವನ್ನು ಬೇರೆ ಪ್ಯಾರಾಮೀಟರ್ ಆಗಿ ಕಳಿಸುವುದೇ ಸುಲಭದ ದಾರಿ.

ಈಗ ಅರೇ ಇರುವ ಏನೇ ಬರೆದರೂ ಮೂರು ಥರದ ಇನ್‌ಪುಟ್ ಕೊಟ್ಟು ನೋಡುತ್ತೇನೆ: ಖಾಲಿ, ಒಂದೇ ಒಂದು, ಪೂರ್ತಿ ತುಂಬಿದ್ದು. ಜಾಸ್ತಿ ಸಿಕ್ಕಿಬೀಳುವುದು ಖಾಲಿಯಲ್ಲೇ. ಇಂಥದ್ದೇ ಇನ್ನೊಂದು ಸರಾಸರಿ ಪ್ರೋಗ್ರಾಂ ಅಲ್ಲಿ 0ಯಿಂದ ಭಾಗಿಸಲು ಹೊರಟಿತ್ತು.