ಕಾಸ್ಟಿಂಗ್ ಕ್ರೌನ್ಸ್ ಹಾಡಿಗೆ ನಮ್ಮ ಪಿಟೀಲು

ಬೆಂಗಳೂರಿನ ಒಂದು ಹಳೇ ಚರ್ಚಿನ ಕನ್ನಡ ಸಭೆಯಲ್ಲಿ ನಾನು ಕೀಬೋರ್ಡ್ ನುಡಿಸುತ್ತೇನೆ, ಕ್ವಯರ್, ಅಂದರೆ ಹಾಡುವ ತಂಡ, ನೋಡಿಕೊಳ್ಳುತ್ತೇನೆ. ಅಮೆರಿಕದ ಕ್ರೈಸ್ತ ಗೀತೆಗಳ ತಂಡ ಕಾಸ್ಟಿಂಗ್ ಕ್ರೌನ್ಸ್ ಹೊಸ ಆಲ್ಬಂ ತಂದರೆ ಸಾಕು, ಹುಡುಗರು ಶುರು ಮಾಡುತ್ತಾರೆ: "ಅಣ್ಣಾ, ಇದರಲ್ಲಿ ಚರ್ಚಿಗೆ ಯಾವುದು?" ಇಯರ್‌ಫೋನಿನಲ್ಲಿ ಚೆನ್ನಾಗಿ ಕೇಳಿಸುವ ಹಾಡುಗಳಲ್ಲಿ ಹೆಚ್ಚಿನವು ಸಭೆಗೆ ಒಗ್ಗುವುದಿಲ್ಲ. 2022ರ ಜನವರಿಯಲ್ಲಿ 'ಹೀಲರ್' ಬಂದಾಗ ನಾನು ಆರಿಸಿದ್ದು ಒಂದೇ ಹಾಡು, 'ಸ್ಕಾರ್ಸ್ ಇನ್ ಹೆವನ್'. ಅದು 2021ರಲ್ಲೇ ಬಿಡಿ ಹಾಡಾಗಿ ಬಂದಿತ್ತು.

ಈ ತಂಡ ಶುರುವಾಗಿದ್ದು 1999ರಲ್ಲಿ, ಫ್ಲೋರಿಡಾದ ಡೇಟೋನಾ ಬೀಚಿನ ಒಂದು ಚರ್ಚಿನ ಯುವಜನರ ಗುಂಪಾಗಿ. ಹೆಸರು ಬಂದಿದ್ದು ಬೈಬಲಿನ ಪ್ರಕಟನೆ 4:10ರಿಂದ, ಹಿರಿಯರು ತಮ್ಮ ಕಿರೀಟಗಳನ್ನು ಸಿಂಹಾಸನದ ಮುಂದೆ ಹಾಕುವ ವಚನ. ಹಾಡುಗಾರ ಮಾರ್ಕ್ ಹಾಲ್ ಯುವಜನರ ಪಾಸ್ಟರ್ ಕೂಡ. 2015ರಲ್ಲಿ ಕಿಡ್ನಿ ಕ್ಯಾನ್ಸರ್ ಆಗಿ ಒಂದು ಕಿಡ್ನಿ ತೆಗೆಸಿಕೊಂಡವರು. ಅವರ ಸಾಂತ್ವನದ ಮಾತು ಬರೀ ಬಾಯಿಮಾತು ಅನಿಸದಿರುವುದಕ್ಕೆ ಇದೂ ಒಂದು ಕಾರಣ ಇರಬೇಕು.

'ಸ್ಕಾರ್ಸ್ ಇನ್ ಹೆವನ್' ಹಾಡನ್ನೇ ಆರಿಸಿದ್ದಕ್ಕೆ ಕಾರಣ ಇತ್ತು. 2021ರ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಸಭೆಯವರೂ ಹೋದರು. ಮಣ್ಣು ಕೊಡಲು ಕೈಬೆರಳೆಣಿಕೆಯ ಜನ, ಕೀರ್ತನೆ ಇಲ್ಲ, ಏನೂ ಇಲ್ಲ. ಇದೇ ಕೊನೆಯ ಭೇಟಿ ಅಂತ ಗೊತ್ತಿದ್ದಿದ್ದರೆ ಬೇರೆ ಕೆಲಸವನ್ನೆಲ್ಲ ಬದಿಗಿಡುತ್ತಿದ್ದೆ ಅನ್ನುವ ಅಳಲಿನಿಂದ ಆ ಹಾಡು ಹೊರಡುತ್ತದೆ. ಪರಲೋಕದಲ್ಲಿ ಗಾಯದ ಗುರುತು ಉಳಿದಿರುವುದು ಕ್ರಿಸ್ತನ ಕೈಗಳಲ್ಲಿ ಮಾತ್ರ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ನವೆಂಬರ್ 2ರ ಮೃತರ ಸ್ಮರಣೆಯ ಆರಾಧನೆಗೆ ಇದಕ್ಕಿಂತ ಹೊಂದುವ ಹಾಡು ನನಗೆ ಆ ಆಲ್ಬಮ್ಮಿನಲ್ಲಿ ಕಾಣಲಿಲ್ಲ.

ಕನ್ನಡಕ್ಕೆ ಮಾಡೋಣ ಅಂತ ಕೆಲವರು ಅಂದರು. ಬೇಡ ಅಂದೆ. ಆರಾಧನೆಯ ಭಾಗವಾಗಿ ಹಾಡುವುದಕ್ಕೆ ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆದರೆ ಅನುವಾದ ಮಾಡಿ, ಅಚ್ಚು ಹಾಕಿ ಹಂಚಬೇಕೆಂದರೆ ಹಕ್ಕುದಾರರ ಒಪ್ಪಿಗೆ ಬೇಕು. ಹಾಗಾಗಿ ಕ್ವಯರ್ ಇಂಗ್ಲಿಷಿನಲ್ಲೇ ಹಾಡುವುದು, ನಡುವೆ ಸಭಾಪಾಲಕರು ಪ್ರಕಟನೆ 21:4 (ದೇವರು ಕಣ್ಣೀರನ್ನೆಲ್ಲ ಒರಸುವ ವಚನ) ಓದುವುದು, ಹಾಡು ಮುಗಿದ ಕೂಡಲೇ ಅದೇ ಶ್ರುತಿಯಲ್ಲಿ ಎಲ್ಲರಿಗೂ ಬಾಯಿಗೆ ಬರುವ ಕನ್ನಡ ಕೀರ್ತನೆಗೆ ಹೊರಳುವುದು. ಅಜ್ಜಿಯರು ಸುಮ್ನೆ ಕೂತು ಕೇಳಿಸಿಕೊಂಡು ಹೋಗಬಾರದು, ಅವರಿಗೂ ಹಾಡಲು ಏನಾದರೂ ಇರಬೇಕು ಅನ್ನುವುದು ನನ್ನ ಹಟ.

ಕಾಸ್ಟಿಂಗ್ ಕ್ರೌನ್ಸ್ ತಂಡದಲ್ಲಿ ಪಿಟೀಲು ಇದೆ, ಮೆಲಡಿ ಡಿವೀವೊ ನುಡಿಸುತ್ತಾರೆ. ನಮ್ಮ ಕ್ವಯರಿನಲ್ಲೂ ಪಿಟೀಲಿನ ಹುಡುಗಿ ಇದ್ದಾಳೆ. ಆದರೆ ಅವಳು ಮಲ್ಲೇಶ್ವರದಲ್ಲಿ ಮೇಷ್ಟ್ರ ಹತ್ತಿರ ಕಲಿತಿದ್ದು ಕರ್ನಾಟಕ ಸಂಗೀತ. ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ನುಡಿಸುತ್ತಾಳೆ. ನಿಂತು ನುಡಿಸು ಅಂದರೆ ಆಗುವುದಿಲ್ಲ. ಬಲಿಪೀಠದ ಮೆಟ್ಟಿಲ ಪಕ್ಕ ಜಮಖಾನ ಹಾಸಿದೆವು.

ಯಾವ ಶ್ರುತಿ ಅನ್ನುವುದನ್ನು ಅವಳ ಪಿಟೀಲೇ ತೀರ್ಮಾನಿಸಿತು. ವೆಸ್ಟರ್ನ್ ಪದ್ಧತಿಯಲ್ಲಿ ನಾಲ್ಕು ತಂತಿಗಳು ಜಿ, ಡಿ, ಎ, ಇ. ನಮ್ಮಲ್ಲಿ ಸ, ಪ, ಸ, ಪ. ಜಿಯನ್ನೇ ಷಡ್ಜ, ಅಂದರೆ ಸ, ಮಾಡಿಕೊಂಡರೆ ತಂತಿಗಳು ಜಿ, ಡಿ, ಜಿ, ಡಿ. ಅಂದರೆ ಕೆಳಗಿನ ಎರಡು ತಂತಿ ವೆಸ್ಟರ್ನ್ ಪಿಟೀಲಿನಲ್ಲಿ ಇದ್ದ ಹಾಗೇ. ಮೇಲಿನ ಎರಡು ಮಾತ್ರ ಒಂದೊಂದು ಸ್ವರ ಕೆಳಗೆ. ಗಿಟಾರ್ ಹುಡುಗನಿಗೂ ಜಿ ಸಲೀಸು, ಕೀರ್ತನೆಗೂ ಹಿತ.

ತೊಡಕು ಶುರುವಾಗಿದ್ದು ಗಮಕದಲ್ಲಿ. ಅವಳು ಸ್ವರವನ್ನು ಆಡಿಸುತ್ತಾಳೆ, ನನ್ನ ಕೀಬೋರ್ಡಿನ ಕಾರ್ಡ್ (ಒಟ್ಟಿಗೆ ಒತ್ತಿದ ಸ್ವರಗಳು) ಅಲ್ಲಾಡದೆ ನಿಂತಿರುತ್ತದೆ. ಅವಳು ಗಾಂಧಾರದ, ಅಂದರೆ ಗ ಸ್ವರದ, ಹತ್ತಿರ ಜಾರಿದಾಗ ಅದೇ ಜಾಗದ ನನ್ನ ಬಿ ಸ್ವರ ಅದಕ್ಕೆ ಉಜ್ಜಿದಂತೆ ಕೇಳುತ್ತಿತ್ತು. ಗಮಕ ಬಿಡು ಅನ್ನುವುದು ಸುಲಭ, ಆದರೆ ಆಗ ಅವಳು ಯಾಕೆ ಬೇಕು, ಅಲ್ವಾ? ಹಾಗಾಗಿ ಪಿಟೀಲಿನ ಭಾಗ ಬಂದಾಗ ನಾನೇ ಬಿ ಬಿಟ್ಟೆ. ಎಳೆದು ನಿಲ್ಲುವ ಪ್ಯಾಡ್ ಸೌಂಡಿನಲ್ಲಿ ಜಿ ಮತ್ತು ಡಿ ಮಾತ್ರ ಒತ್ತಿ ಹಿಡಿದೆ. ತಂಬೂರಿಯ ಹಾಗೆ ಸ-ಪ ಅಷ್ಟೇ. ಗಿಟಾರ್ ಪೂರ್ತಿ ಬಂದ್. ಕ್ವಯರ್ ಮೂರು ದನಿಯಲ್ಲಿ ಹಾಡುವ ಕಡೆ ಅವಳು ನೇರ ಸ್ವರ ಹಿಡಿದು ಹಿಂದೆ ಉಳಿದಳು.

ಪಿಟೀಲಿನ ಭಾಗಕ್ಕೆ ಅವಳು ಮೊದಲು ಶಿವರಂಜನಿ ರಾಗ ನುಡಿಸಿದಳು. ಸಾವಿನ ಹಾಡಲ್ವಾ ಅಣ್ಣಾ, ಅಂತ. ಅದರ ಗಾಂಧಾರ ಕೋಮಲ, ಅಂದರೆ ಅರ್ಧ ಸ್ವರ ಕೆಳಗೆ. ಮೇಲಿನ ಗಾಂಧಾರ ಇರುವ ಮೇಜರ್ ಹಾಡಿನ ಮಧ್ಯೆ ಅದು ಬಂದರೆ ಹಾಡು ಬೇರೆ ಮನೆಗೆ ಹೋಗಿಬಿಡುತ್ತದೆ. ಅದೊಂದು ಸ್ವರ ಬದಲಾಯಿಸಿದರೆ ಮೋಹನ ಆಗುತ್ತದೆ. ಮೋಹನವೇ ಇರಲಿ ಅಂದೆ. ಅದು ಸಂತೋಷದ ರಾಗ ಅಂತ ಅವಳು ಮುಖ ಸಣ್ಣ ಮಾಡಿದಳು. ನನಗೆ ಹಾಗನಿಸುವುದಿಲ್ಲ. ನಿಧಾನವಾಗಿ ಎಳೆದು ನುಡಿಸಿದರೆ ಮೋಹನದಲ್ಲಿ ಅಳುವೂ ಇದೆ, ನಿರೀಕ್ಷೆಯೂ ಇದೆ. ಸ್ಮರಣೆಯ ಆರಾಧನೆಗೆ ಎರಡೂ ಬೇಕು.

ಡ್ರಮ್ಸ್ ತೆಗೆದುಹಾಕಿದೆ. ನಮ್ಮದು ಎತ್ತರದ ಮಾಡು, ಕಲ್ಲಿನ ಗೋಡೆ. ಒಂದು ಏಟು ಬಿದ್ದರೆ ಅದರ ಮಾರ್ದನಿ ಮುಗಿಯುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ರೆಕಾರ್ಡಿಂಗಿನ ಭರಾಟೆಯನ್ನು ಇಲ್ಲಿ ತರಲು ಹೋದರೆ ಮಾತೇ ಕೇಳಿಸುವುದಿಲ್ಲ. ಡ್ರಮ್ಸ್ ಹುಡುಗ ಎರಡು ಭಾನುವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಲಯವನ್ನೂ ಸ್ವಲ್ಪ ಇಳಿಸಿದೆ.

ಆರಾಧನೆಯ ದಿನ ತೀರಿಹೋದವರ ಹೆಸರು ಓದಿ, ಮೇಣದ ಬತ್ತಿ ಹಚ್ಚುತ್ತಿದ್ದಾಗಲೇ ಸ-ಪ ಶುರು ಮಾಡಿದೆ. ಮೋಹನ ಮುಗಿದು ಸಭಾಪಾಲಕರು ವಚನ ಓದುವಾಗ ಹಿಂದಿನ ಸಾಲುಗಳಲ್ಲಿ ಅಳು ಕೇಳಿಸುತ್ತಿತ್ತು. ಕೀರ್ತನೆಗೆ ಹೊರಳಿದಾಗ ಸಭೆ ನಾವು ಹೇಳದೆಯೇ ಎದ್ದು ನಿಂತಿತು. ಕ್ವಯರಿನ ದನಿ ಅವರ ದನಿಯಲ್ಲಿ ಮುಳುಗಿಹೋಯಿತು. ನನಗೆ ಬೇಕಾಗಿದ್ದೂ ಅದೇ.

ಹೀಗೆ ಮಾಡಹೊರಟವರಿಗೆ ಒಂದು ಮಾತು. ನೆಲದ ಮೇಲೆ ಕೂತವರಿಗೆ ಮೈಕನ್ನು ಪಿಟೀಲಿನಿಂದ ಒಂದಡಿ ಮೇಲೆ, ಬಿಲ್ಲಿನ ಕೈಗೆ ತಗುಲದ ಹಾಗೆ ಇಡಿ. ಮತ್ತೆ ನೆತ್ತಿಯ ಮೇಲಿನ ಫ್ಯಾನ್ ಆಫ್ ಮಾಡಿಸಿ. ಬೆಂಗಳೂರಿನ ನವೆಂಬರಿನಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.